ಪುಕ್ಕಟೆ ಹಾಡಿನ ಪೆಟ್ಟುಗಳು

ಕೆಲವರಿಗೆ ರಸ್ತೆ ದಾಟುವಾಗ ಜೀವ ಬಾಯಿಗೆ ಬರುತ್ತದೆ, ಕೆಲವರಿಗೆ ಡಾಕ್ಟರರ ಕೋಣೆಯ ಹೊರಗೆ ಕೂತಾಗ. ನನಗೆ ಕುವೈತಿನಲ್ಲಿದ್ದಷ್ಟು ಕಾಲವೂ ಜೀವ ಬಾಯಿಗೆ ಬಂದದ್ದೆಲ್ಲ ಇಂಟರ್ನೆಟ್ಟಿನಿಂದ ಹಾಡು ಇಳಿಸಿಕೊಳ್ಳುವಾಗ. ಒಮ್ಮೆ ಆದರೆ ಗ್ರಹಚಾರ ಎನ್ನಬಹುದು. ಮತ್ತೆ ಮತ್ತೆ ಆದರೆ ಏನೆನ್ನಬೇಕೋ ನನಗಿನ್ನೂ ಗೊತ್ತಾಗಿಲ್ಲ.

ಅದು ಎರಡು ಸಾವಿರದ ಇಸವಿಯ ಆಚೀಚೆಯ ಕಾಲ. ಊರಿನ ಒಂದು ಕ್ಯಾಸೆಟ್ ಬೇಕೆಂದರೆ ಯಾರಾದರೂ ರಜೆಗೆ ಹೋಗಬೇಕು, ಹೋದವರು ನೆನಪಿಟ್ಟುಕೊಳ್ಳಬೇಕು, ತಂದ ಮೇಲೆ ನಮಗೆ ಕೊಡುವ ಮನಸ್ಸನ್ನೂ ಮಾಡಬೇಕು. ಅಂಥ ಹೊತ್ತಿನಲ್ಲಿ ಕಂಪ್ಯೂಟರಿನೊಳಗೆ ಕನ್ನಡ ಹಾಡು ಪುಕ್ಕಟೆ ಸಿಗುತ್ತದೆಂದು ತಿಳಿದು ನನಗೆ ಹುಚ್ಚೇ ಹಿಡಿಯಿತು. ಫಹಾಹೀಲಿನ ನಮ್ಮ ಫ್ಲ್ಯಾಟು ಪರಿಚಯದವರಿಗೆಲ್ಲ ಹಾಡಿನ ಉಗ್ರಾಣವಾಯಿತು. ಯಾರು ಯಾವ ಹಾಡು ಕೇಳಿದರೂ ಇಳಿಸಿ, ಸಿಡಿ ಮಾಡಿ ಕೊಡುತ್ತಿದ್ದೆ. ಅದರಿಂದ ನನಗೊಂದು ಮರ್ಯಾದೆ ಬಂದಿತ್ತು. ಪೆಟ್ಟು ಬಿದ್ದದ್ದೆಲ್ಲ ಆ ಮರ್ಯಾದೆಗೇ.

ಬದುಕಿದ್ದಾರೆ, ಆದರೆ

ಆಗ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಹಾಡು ಇಳಿಯುತ್ತಿರುವಷ್ಟು ಹೊತ್ತು ಫೋನ್ ಎಂಗೇಜ್. ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಕಡಿದು, ಇಳಿದಷ್ಟೂ ನೀರುಪಾಲು.

ಒಂದು ಶುಕ್ರವಾರ ಹೆಂಡತಿ ಮಗಳನ್ನು ಕರೆದುಕೊಂಡು ಗೆಳತಿಯ ಮನೆಗೆ ಹೋಗಿದ್ದಳು. ನಾನು ಬೆಳಿಗ್ಗೆಯೇ ಒಂದು ದೊಡ್ಡ ಫೈಲು ಇಳಿಯಲು ಹಚ್ಚಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಹಳೆಯ ಹಾಡು ಕೇಳುತ್ತ ಕೂತಿದ್ದೆ. ಊರಿನಿಂದ ಅಮ್ಮ ಫೋನ್ ಮಾಡುವ ದಿನ ಅದು ಎಂಬುದು ಮರೆತೇ ಹೋಗಿತ್ತು. ಅಮ್ಮನಿಗೆ ಎಷ್ಟು ಸಲ ಮಾಡಿದರೂ ಎಂಗೇಜ್. ಹೆದರಿದ ಅಮ್ಮ ನೆರೆಮನೆಯ ಬ್ಯಾರಿಗಳಿಗೆ ಹೇಳಿದಳು. ಅವರ ಮಗನದ್ದೇ ನಮ್ಮ ಕಟ್ಟಡದ ಕೆಳಗಿನ ದಿನಸಿ ಅಂಗಡಿ. ಅವರ ಫೋನ್ ಬಂದದ್ದೇ ಅವನು ಮೇಲೆ ಬಂದು ಬೆಲ್ ಒತ್ತಿದ, ಬಾಗಿಲು ಬಡಿದ. ನನಗೆ ಕೇಳಿಸಿದರೆ ತಾನೇ.

ಭುಜದ ಮೇಲೆ ಕೈ ಬಿದ್ದಾಗ ನಾನು ಕುರ್ಚಿಯಿಂದ ಹಾರಿದೆ. ಹಿಂದೆ ನೋಡಿದರೆ ಅಂಗಡಿಯವನು, ಕೈಯಲ್ಲಿ ಬೀಗದ ಕೈ ಗೊಂಚಲು ಹಿಡಿದ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಗ್ಯಾಸ್ ವಾಸನೆ ಬರುತ್ತದೋ ಎಂದು ಮೂಗು ಅರಳಿಸುತ್ತಿದ್ದ ಎದುರು ಫ್ಲ್ಯಾಟಿನವರು. ನಾನು ಬಾಯಿ ತೆರೆಯುವ ಮೊದಲೇ ಅಂಗಡಿಯವನು ಊರಿಗೆ ಸುದ್ದಿ ಮುಟ್ಟಿಸಲು ರಿಸೀವರ್ ಎತ್ತಿದ. ಇನ್ನೊಂದು ಚೂರು ಇಳಿದಿದ್ದರೆ ಮುಗಿಯುತ್ತಿದ್ದ ಫೈಲು ಅಲ್ಲಿಗೇ ಖಲಾಸ್. ನಾನು ತಲೆ ಮೇಲೆ ಕೈ ಹೊತ್ತು, ಕಣ್ಣಲ್ಲಿ ನೀರು ತುಂಬಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ಅವನು ಸಮಾಧಾನವಾಗಿ ನಂಬರ್ ಒತ್ತಿ ಅಮ್ಮನಿಗೆ ವರದಿ ಕೊಟ್ಟ: "ಅಮ್ಮಾ, ಅವರು ಬದುಕಿದ್ದಾರೆ. ಆದ್ರೆ ಕೂಗ್ತಾ ಇದ್ದಾರೆ, ಯಾಕೆ ಅಂತ ಹೇಳ್ತಾ ಇಲ್ಲ."

ಆ ದಿನವೇ ಅಮ್ಮ ನನ್ನ ತಲೆ ಸರಿಯಾಗಲೆಂದು ಹರಕೆ ಹೊತ್ತಳು.

ಮುದೀರರ ಕುತೂಹಲ

ಮನೆಯಲ್ಲಿ ಇಷ್ಟಾದ ಮೇಲೆ ದೊಡ್ಡ ಫೈಲುಗಳಿಗೆ ಆಫೀಸೇ ವಾಸಿ ಎನಿಸಿತು. ಸಬ್ಹಾನಿನಲ್ಲಿ ನಮ್ಮ ಗೋದಾಮಿನ ಆಫೀಸಿಗೆ ಒಳ್ಳೆಯ ವೇಗದ ಲೈನ್ ಬಂದಿತ್ತು. ಅಲ್ಲಿ ಒಂದು ಯಕ್ಷಗಾನ ಪ್ರಸಂಗವನ್ನು ತುಂಡು ತುಂಡಾಗಿ ಇಳಿಸತೊಡಗಿದೆ. ಒಂದು ದಿನ ಊಟ ಮುಗಿಸಿ ಬರುತ್ತೇನೆ, ಇನ್‌ವಾಯ್ಸ್ ಪ್ರಿಂಟ್ ಆಗುತ್ತಿಲ್ಲವೆಂದು ಎಲ್ಲರೂ ಓಡಾಡುತ್ತಿದ್ದಾರೆ, ನನ್ನ ಕುರ್ಚಿಯಲ್ಲಿ ಸ್ವತಃ ಮುದೀರ್ ಕೂತಿದ್ದಾರೆ. ಕುವೈತಿ ಮನುಷ್ಯ, ನಮ್ಮ ಮ್ಯಾನೇಜರು. ನಕ್ಕದ್ದನ್ನು ಯಾರೂ ಕಂಡವರಿಲ್ಲ. ಅವರ ಕಿವಿಯಲ್ಲಿ ನನ್ನ ಹೆಡ್‌ಫೋನ್.

ಕಂಪನಿಯ ಕಂಪ್ಯೂಟರಿನಲ್ಲಿ ಜಾಗವೆಲ್ಲ ತುಂಬಿಸಿದ್ದು ನನ್ನ ಯಕ್ಷಗಾನ. ಇಕಾಮಾ ಎಂಬ ವಾಸದ ಪರವಾನಗಿ ರದ್ದು, ಊರಿಗೆ ಒನ್‌ವೇ ಟಿಕೆಟ್, ಹೆಂಡತಿಗೆ ಏನು ಹೇಳುವುದು ಎಂಬಲ್ಲಿಯವರೆಗೆ ಯೋಚನೆ ಓಡಿತು.

ಮುದೀರ್ ಹೆಡ್‌ಫೋನ್ ಸರಿಸಿ, ಇವನು ಯಾರು, ಯಾಕೆ ಇಷ್ಟು ಕೂಗುತ್ತಾನೆ ಎಂದು ಕೇಳಿದರು. ಒಬ್ಬ ರಾಜ ಸರ್, ದಾಯಾದಿಯ ಮೇಲೆ ಸಿಟ್ಟು ಎಂದೆ. ಸಿಟ್ಟು ಯಾತಕ್ಕೆ ಎಂದರು. ಜಾಗದ ಪಾಲಿಗೆ ಎಂದೆ. ಅವರು ಮತ್ತೆ ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ಚೆಂಡೆಯ ಪೆಟ್ಟಿಗೆ ತಲೆಯಾಡಿಸುತ್ತ ಇದ್ದಷ್ಟನ್ನೂ ಕೇಳಿದರು. ಆಮೇಲೆ ತಮ್ಮ ಅಣ್ಣನೂ ಹೀಗೆಯೇ ಎಂದು ನಿಟ್ಟುಸಿರು ಬಿಟ್ಟು, ಕೊನೆಗೆ ಜಾಗ ಯಾರಿಗಾಯಿತು ಎಂದು ಕೇಳಿದರು. ಕೊನೆಯ ಭಾಗ ಇನ್ನೂ ಇಳಿದಿಲ್ಲ ಸರ್, ನಾಳೆ ಬೆಳಿಗ್ಗೆಗೆ ಬರಬಹುದು ಎಂದೆ.

ಮರುದಿನ ನಾನು ಹೋಗುವಷ್ಟರಲ್ಲಿ, ಹನ್ನೊಂದು ಗಂಟೆಯ ಮೊದಲು ಯಾವತ್ತೂ ಆಫೀಸಿಗೆ ಬಾರದ ಮುದೀರ್ ನನ್ನ ಮೇಜಿನ ಪಕ್ಕ ಸ್ಟೂಲ್ ಹಾಕಿಕೊಂಡು ಕಾಯುತ್ತಿದ್ದರು.

ದೇವರ ವೀಸಾ

ಚೌತಿಯ ದಿನ ಫ್ಲ್ಯಾಟಿಗೆ ಬಂದು ಪೂಜೆ ಮಾಡಿಸುವ ಭಟ್ಟರು ನಮಗೆ ಎಲ್ಲಿಂದ ಸಿಗಬೇಕು? ಹೋಟೆಲಿನಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಗಣಪತಿ ಇಡುತ್ತೇನೆಂದಾಗ ನಾನು ಇಡೀ ಪೂಜಾವಿಧಿಯನ್ನೇ ಇಳಿಸಿ ಸಿಡಿ ಮಾಡಿಕೊಟ್ಟೆ. ಒಂದೊಂದು ಉಪಚಾರಕ್ಕೆ ಒಂದೊಂದು ಫೈಲು. ನಡುನಡುವೆ ಭಟ್ಟರು ಈಗ ಹೂ ಹಾಕಿ, ಈಗ ದೀಪ ತೋರಿಸಿ ಎಂದು ಕನ್ನಡದಲ್ಲೇ ಹೇಳಿಕೊಡುತ್ತಿದ್ದರು.

ಗೆಳೆಯ ಮಡಿ ಉಟ್ಟು ಕೂತ. ಸಿಡಿ ಹಾಕಿದೆವು. ಭಟ್ಟರು ಮೊದಲಿಗೆ ಮಂಗಳಾರತಿ ಮಾಡಿ ಎಂದರು. ಗೆಳೆಯ ನನ್ನ ಮುಖ ನೋಡಿದ. ಬೇರೆ ಕಡೆಯ ಪದ್ಧತಿ ಇರಬೇಕು, ಮಾಡು ಎಂದೆ. ಮಾಡಿದ. ಮುಂದೆ ಭಟ್ಟರು, ಅಕ್ಷತೆ ಹಾಕಿ ದೇವರನ್ನು ಸ್ವಸ್ಥಾನಕ್ಕೆ ಕಳುಹಿಸಿಕೊಡಿ ಎಂದರು. ಕಳುಹಿಸಿದ. ಆಮೇಲೆ ಸ್ನಾನ ಮಾಡಿಸಿ ಎಂದರು, ಅದೂ ಆಯಿತು. ಎಲ್ಲ ಮುಗಿಯಿತು ಎನ್ನುವಾಗ ಭಟ್ಟರ ಗಂಭೀರ ಧ್ವನಿ ಬಂತು: ಈಗ ಭಕ್ತಿಯಿಂದ ದೇವರನ್ನು ಆಹ್ವಾನಿಸಿ.

ಪ್ಲೇಯರಿನ ಹತ್ತಿರ ಹೋಗಿ ನೋಡಿದರೆ, ಹಾಡುಗಳನ್ನು ಮನಸ್ಸಿಗೆ ಬಂದಂತೆ ಹಿಂದುಮುಂದು ಮಾಡುವ ಶಫಲ್ ಬಟನ್ನಿನ ದೀಪ ಉರಿಯುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಗೆಳೆಯನಂತೂ ದೇವರ ಸಿಟ್ಟಿಗೆ ಕೆಲಸ ಹೋಗುತ್ತದೋ ಕಣ್ಣು ಹೋಗುತ್ತದೋ ಎಂದು ಕೆನ್ನೆ ಬಡಿದುಕೊಳ್ಳತೊಡಗಿದ. ಊರಿನಿಂದ ಬಂದು ಮೂಲೆಯಲ್ಲಿ ಕೂತಿದ್ದ ಅವನ ತಾಯಿಯೇ ಕೊನೆಗೆ ಮಾತಾಡಿದರು.

"ಇರ್ಲಿ ಮಗಾ. ನನಗೆ ಮೂರು ತಿಂಗಳ ವಿಸಿಟ್ ವೀಸಾ ಆದ್ರೂ ಮಾಡಿಸಿದ್ದೀ. ಗಣಪತಿಯನ್ನು ಏರ್‌ಪೋರ್ಟಿಂದಲೇ ವಾಪಸ್ ಕಳಿಸಿದಿರಲ್ಲ."

ಹಾಡಿಗೆ ಸೇರಿದ ಸಾಲು

ಇನ್ನು ಕೊನೆಯದ್ದು, ಎಲ್ಲಕ್ಕಿಂತ ದೊಡ್ಡ ಪೆಟ್ಟು.

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಮಕ್ಕಳ ಹಾಡನ್ನು ಮೊದಲ ಬಾರಿಗೆ ನನ್ನ ಹೆಂಡತಿಗೆ ಒಪ್ಪಿಸಿದ್ದರು. ಊರಿನಲ್ಲಿ ಸಂಗೀತ ಕಲಿತವಳು ಅವಳು. ಮದುವೆಯಾಗಿ ಕುವೈತಿಗೆ ಬಂದ ಮೇಲೆ ಅವಳ ಹಾಡು ಕೇಳಿದ್ದು ಅಡುಗೆಮನೆಯ ಗೋಡೆಗಳು ಮಾತ್ರ. ತನ್ನ ವಿದ್ಯೆಯನ್ನು ನಾಲ್ಕು ಜನ ಒಪ್ಪುವ ಅವಕಾಶ ಇದೊಂದೇ ಎಂದು ಊಟ ನಿದ್ದೆ ಬಿಟ್ಟು ತಯಾರಿ ನಡೆಸಿದಳು. ನಾನು ಒಂದು ಪ್ರಸಿದ್ಧ ಭಾವಗೀತೆ ಇಳಿಸಿ, ಕಲಿಯಲೆಂದು ಮಕ್ಕಳ ಮನೆಮನೆಗೂ ಸಿಡಿ ಹಂಚಿದೆ.

ನಾನು ಇಳಿಸುತ್ತಿದ್ದ ಹಾಡುಗಳಲ್ಲೊಂದು ವಿಶೇಷವಿತ್ತು. ಪುಕ್ಕಟೆ ಹಾಡು ಕೊಡುವ ಸೈಟಿನವರು ಪ್ರತಿ ಹಾಡಿನಲ್ಲೂ ಪಲ್ಲವಿ ಮುಗಿದು ಚರಣ ಶುರುವಾಗುವ ನಡುವೆ ತಮ್ಮ ಜಾಹೀರಾತನ್ನು ತುರುಕಿದ್ದರು. ಒಂದು ಹುಡುಗಿಯ ಧ್ವನಿ ರಾಗವಾಗಿ, "ಫಾರ್ ಮೋರ್ ಫ್ರೀ ಸಾಂಗ್ಸ್, ವಿಸಿಟ್ ಅಸ್ ಅಗೇನ್" ಎನ್ನುತ್ತಿತ್ತು. ವರ್ಷಗಟ್ಟಲೆ ಕೇಳಿ ಕೇಳಿ ಅದು ನಮ್ಮ ಕಿವಿಗೂ ನನ್ನ ಸಿಡಿ ಕೇಳುವವರ ಕಿವಿಗೂ ಬೀಳುವುದೇ ನಿಂತಿತ್ತು. ಅಭ್ಯಾಸದಲ್ಲಿಯೂ ಹೆಂಡತಿ ಪಲ್ಲವಿಯಾದ ಕೂಡಲೇ ಮಕ್ಕಳನ್ನು ನಿಲ್ಲಿಸಿ ಳಕಾರ ತಿದ್ದುತ್ತಿದ್ದಳು. ಹಾಗಾಗಿ ಆ ಜಾಗದಲ್ಲಿ ಮಕ್ಕಳು ಏನು ಮಾಡುತ್ತಾರೆಂದು ಯಾರಿಗೂ ತಿಳಿಯಲೇ ಇಲ್ಲ.

ಕಾರ್ಯಕ್ರಮದ ದಿನ ಮುಖ್ಯ ಅತಿಥಿ ಬಂದಿಳಿದದ್ದನ್ನು ಕಂಡು ನನಗೆ ಮೊದಲ ಆಘಾತ. ಆ ಹಾಡನ್ನು ಹಾಡಿದ ಗಾಯಕರೇ ಅವರು. ಬರಬೇಕಾಗಿದ್ದ ಅತಿಥಿಗೆ ವೀಸಾ ಸಿಗದೆ ಕೊನೆಗಳಿಗೆಯಲ್ಲಿ ಇವರನ್ನು ಕರೆಸಿದ್ದರಂತೆ. ಹೆಂಡತಿಗೆ ಮಾತ್ರ ಸ್ವರ್ಗವೇ ಇಳಿದು ಬಂದ ಸಂತೋಷ.

ಪರದೆ ಮೇಲೇರಿತು. ಸಾಲಾಗಿ ನಿಂತ ಮಕ್ಕಳು ಕಣ್ಣು ಮುಚ್ಚಿ ಪಲ್ಲವಿ ಹಾಡಿದರು. ಗಾಯಕರು ಮೊದಲ ಸಾಲಿನಲ್ಲಿ ತಲೆದೂಗಿದರು. ಪಲ್ಲವಿ ಮುಗಿಯಿತು. ಮಕ್ಕಳು ಅದೇ ಭಕ್ತಿಯಲ್ಲಿ, ಅದೇ ರಾಗದಲ್ಲಿ, "ಫಾರ್ ಮೋರ್ ಫ್ರೀ ಸಾಂಗ್ಸ್, ವಿಸಿಟ್ ಅಸ್ ಅಗೇನ್" ಎಂದು ಹಾಡಿ ಚರಣಕ್ಕೆ ಹೋದರು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳವು. ಆ ದಿನ ಒಂದಕ್ಷರ ತಪ್ಪದೆ ಬಂದದ್ದು ಆ ಸಾಲೊಂದೇ.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕದ ಪರದೆಯ ಹಿಂದೆ ಹೋದಳು. ಅವಳು ಅಳುತ್ತಿದ್ದಾಳೆಂದು ಗೊತ್ತಿದ್ದರೂ ಎದ್ದು ಹೋಗಲು ನನಗೆ ಕಾಲೇ ಬರಲಿಲ್ಲ. ಹಾಡು ಮುಗಿದ ಮೇಲೆ ಗಾಯಕರು ನಿಧಾನವಾಗಿ ವೇದಿಕೆ ಹತ್ತಿ ಮೈಕ್ ಹಿಡಿದರು.

"ಇಷ್ಟು ವರ್ಷದಿಂದ ಈ ಹಾಡು ಹಾಡ್ತಾ ಇದ್ದೇನೆ. ಇದರಲ್ಲಿ ಇಂಥದ್ದೊಂದು ಸಾಲಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದರು. ಸಿಟ್ಟೋ ತಮಾಷೆಯೋ ಮುಖ ನೋಡಿದರೆ ತಿಳಿಯುವಂತಿರಲಿಲ್ಲ. "ಮಕ್ಕಳೇ, ಚೆನ್ನಾಗಿ ಹಾಡಿದ್ರಿ. ಈಗ ನಾನೊಮ್ಮೆ ಹಾಡ್ತೇನೆ, ಕೇಳಿ."

ಹಾಡಿದರು. ಅಂಥ ಧ್ವನಿಯನ್ನು ಎದುರು ಕೂತು ಕೇಳುವ ಯೋಗ ನಮಗೆಲ್ಲಿತ್ತು? ಫಹಾಹೀಲಿನಿಂದ ಸಲ್ವಾದವರೆಗಿನ ನಮ್ಮವರೆಲ್ಲ ಮೈಮರೆತರು. ಪಲ್ಲವಿ ಮುಗಿಸಿ, ಕಣ್ಣು ಮುಚ್ಚಿ, ಚರಣಕ್ಕೆಂದು ಅವರು ಉಸಿರೆಳೆದುಕೊಂಡರು. ಆ ಒಂದು ಕ್ಷಣದ ಮೌನದಲ್ಲಿ, ಸಂಘದ ಅಧ್ಯಕ್ಷರಿಂದ ಹಿಡಿದು ಬಾಗಿಲಲ್ಲಿ ನಿಂತವರವರೆಗೆ ಇಡೀ ಸಭೆ ತನಗೇ ಅರಿವಿಲ್ಲದೆ ಒಕ್ಕೊರಲಿನಲ್ಲಿ ಹಾಡಿತು:

"ಫಾರ್ ಮೋರ್ ಫ್ರೀ ಸಾಂಗ್ಸ್, ವಿಸಿಟ್ ಅಸ್ ಅಗೇನ್."

ಆ ಗದ್ದಲದ ನಡುವೆ ಪರದೆಯ ಹಿಂದಿನಿಂದಲೂ ಒಂದು ಹೆಣ್ಣುಧ್ವನಿ ಬಂತು. ಅಷ್ಟು ಜನರಲ್ಲಿ ಶ್ರುತಿ ತಪ್ಪದೆ ಹಾಡಿದ್ದು ಅದೊಂದೇ. ಗಾಯಕರು ಕಣ್ಣು ತೆರೆದು, ಆ ಪರದೆಯ ಕಡೆ ತಿರುಗಿ, "ಭೇಷ್," ಎಂದರು.