ಕೋಣೆಗೊಂದು ಪಾಠ

ಗೋದಾಮಿನ ಗುಮಾಸ್ತ ಶುದ್ಧ ಜಂಬಗಾರ. ತಾನು ಮಾಡಿದ್ದೂ ತನ್ನದೇ, ಪಕ್ಕದವರು ಮಾಡಿದ್ದೂ ತನ್ನದೇ ಎನ್ನುವ ಪೈಕಿ. ನಲ್ಲಿ ರಿಪೇರಿಯವನು ಬಂದು ಸೋರುವ ನಲ್ಲಿಯನ್ನು ಸರಿಮಾಡಿ ಹೋದರೆ, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದ ಇವನು ವಾರವಿಡೀ ‘ನಲ್ಲಿ ಸರಿಮಾಡಿದೆ’ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಮದುವೆಯಾಗಿ ಇಪ್ಪತ್ತು ವರ್ಷವಾದರೂ, ಯಾವ ಹೊಗಳಿಕೆಗೂ ‘ಅದು ನನ್ನದಲ್ಲ’ ಎಂದವನಲ್ಲ.

ಇಂಥವನಿಗೆ ಮೇಲ್ವಿಚಾರಕನಾಗುವ ಯೋಗ ಕೂಡಿಬಂತು. ಅಡ್ಡಿ ಒಂದೇ. ಮುಖ್ಯ ಕಚೇರಿಯ ಪರೀಕ್ಷಕಿ ಫೋನಿನ ಪರದೆಯಲ್ಲಿ ಬಂದು ಇಂಗ್ಲಿಷಿನಲ್ಲಿ ಹತ್ತು ಪ್ರಶ್ನೆ ಕೇಳುತ್ತಾಳೆ. ಏಳಕ್ಕೆ ಉತ್ತರ ಬಂದರೆ ಗಾಜಿನ ಕೋಣೆ, ತಿರುಗುವ ಕುರ್ಚಿ. ಬರದಿದ್ದರೆ ಅದೇ ಗೋದಾಮು, ಅದೇ ಧೂಳು.

“ಮೂವತ್ತು ದಿನ, ಮೂವತ್ತು ವಿಷಯ. ಮೂವತ್ತೊಂದನೇ ದಿನ ನಿಘಂಟೇ ನನ್ನ ಹತ್ರ ಬಂದು ಅರ್ಥ ಕೇಳ್ಬೇಕು, ಹಾಗೆ ಕಲೀತೀನಿ,” ಎಂದು ಪಾಠದ ಪುಸ್ತಕವನ್ನು ಎತ್ತಿ ಹಿಡಿದು ಸಾರಿದ.

“ಮೊದಲು ಆ ಪುಸ್ತಕ ತಲೆಕೆಳಗಾಗಿದೆ, ತಿರುಗಿಸ್ಕೊಳ್ಳಿ,” ಎಂದಳು ಹೆಂಡತಿ.

ಕಲಿಯುವ ವಿಧಾನವನ್ನೂ ಗುಮಾಸ್ತ ತಾನೇ ಕಂಡುಹಿಡಿದ. ವಸ್ತು ಕಣ್ಣೆದುರಿಗಿದ್ದರೆ ಪದ ತಪ್ಪಿಸಿಕೊಂಡು ಎಲ್ಲಿಗೆ ಓಡೀತು? ಅಡುಗೆ ಸಾಮಾನಿನ ಪಾಠವನ್ನು ಒಲೆಯ ಮುಂದೆ ನಿಂತು ಉರುಹೊಡೆದ. ಬಟ್ಟೆಬರೆಯ ಪಾಠ ಬೀರುವಿನ ಮುಂದೆ. ಹವಾಮಾನ ಬಾಲ್ಕನಿಯಲ್ಲಿ, ಮುಖ ಮೇಲೆತ್ತಿಕೊಂಡು. ಬಂಧುಬಳಗ ಹಜಾರದ ಸೋಫಾದ ಮೇಲೆ. ನುಡಿಗಟ್ಟುಗಳಿಗೆ ಮಹಡಿ ಮೆಟ್ಟಿಲು, ಮೆಟ್ಟಿಲಿಗೊಂದರಂತೆ. ಭಾವನೆಗಳ ಪಾಠ ಬಂದಾಗ ತುಸು ಯೋಚನೆಗಿಟ್ಟುಕೊಂಡಿತು. ಭಾವನೆಗಳಿಗೆಂದು ಆ ಮನೆಯಲ್ಲಿ ಪ್ರತ್ಯೇಕ ಜಾಗವಿರಲಿಲ್ಲ. ಕೊನೆಗೆ ದೊಡ್ಡ ಕನ್ನಡಿಯಿರುವ ಬಚ್ಚಲುಮನೆಯೇ ಸರಿ ಎಂದುಕೊಂಡು, ಒಂದೊಂದು ಪದಕ್ಕೂ ಒಂದೊಂದು ಮುಖ ಮಾಡಿಕೊಂಡು, ದಿನವೂ ಬೆಳಗ್ಗೆ ಅರ್ಧ ಗಂಟೆ ಒಳಗೆ ಗರ್ಜಿಸಿದ. ಅಷ್ಟು ಹೊತ್ತೂ ಹೆಂಡತಿಯ ತಾಯಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಬಾಗಿಲ ಹೊರಗೆ ಸರದಿ ಕಾಯುತ್ತಿದ್ದರು.

ಎಡವಟ್ಟು ಬಯಲಾದದ್ದು ಪರೀಕ್ಷೆಯ ಹಿಂದಿನ ದಿನ. ಊಟದ ಮೇಜಿನಲ್ಲಿ ಹೆಂಡತಿ, ಸೌಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ಗುಮಾಸ್ತ ಬಾಯಿ ತೆರೆದ; ಬರೀ ಗಾಳಿ ಬಂತು. ಎದ್ದು ಅಡುಗೆಮನೆಗೆ ಹೋದ. “ಲೇಡಲ್,” ಎಂದು ಅಲ್ಲಿಂದ ಕೂಗಿದ. ಗೆದ್ದವನಂತೆ ಮೇಜಿಗೆ ಮರಳಿದ, ಕುಳಿತೊಡನೆ ಮರೆತ.

“ರೀ, ಪಾಠ ನಿಮ್ಮ ತಲೆಗೆ ಹತ್ತಿಲ್ಲ, ಗೋಡೆಗೆ ಹತ್ತಿದೆ.”

“ಹತ್ತಲಿ ಬಿಡೇ. ಗೋಡೆ ನಮ್ಮದೇ ತಾನೆ?”

ಮರುದಿನ ಹತ್ತಕ್ಕೆ ಸರಿಯಾಗಿ ಪರೀಕ್ಷಕಿ ಪರದೆಯ ಮೇಲೆ ಮೂಡಿದಳು. ಮನೆಮಂದಿಯ ಬಗ್ಗೆ ಕೇಳಿದ ಮೊದಲ ಮೂರು ಪ್ರಶ್ನೆಗಳು ಸೋಫಾದ ಮೇಲೇ ಮುಗಿದವು. ನಾಲ್ಕನೆಯದು, ಇವತ್ತು ಹವೆ ಹೇಗಿದೆ? ಗುಮಾಸ್ತ ಫೋನನ್ನು ಎದೆಗವಚಿಕೊಂಡು ಬಾಲ್ಕನಿಗೆ ಹಾರಿ, ಮೋಡ, ಗಾಳಿ, ತೇವ ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿದ. ಐದನೆಯದು ಅಡುಗೆಯದು. ಅವನು ಅಡುಗೆಮನೆಗೆ ನುಗ್ಗಿದ ರಭಸಕ್ಕೆ ಹೆಂಡತಿಯ ಕೈಯ ಬಾಣಲೆ ನೆಲಕ್ಕೆ ಬಿತ್ತು. ಆರನೆಯದು, ನಿಮ್ಮ ಕೆಲಸ ಎಷ್ಟು ಕಷ್ಟದ್ದೆಂದು ಒಂದು ನುಡಿಗಟ್ಟಿನಲ್ಲಿ ಹೇಳಿ. ಬೇಕಾದ ನುಡಿಗಟ್ಟು ಹದಿಮೂರನೆಯ ಮೆಟ್ಟಿಲಲ್ಲಿತ್ತು. ನಡುವೆ ಹಿಡಿದರೆ ನೆನಪು ಕೈಕೊಡುತ್ತದೆಂದು ಕೆಳಗಿನಿಂದಲೇ ಹತ್ತಿದ. ಪರೀಕ್ಷಕಿಗೆ ಒಮ್ಮೆ ಅವನ ಗದ್ದ, ಒಮ್ಮೆ ಚಾವಣಿ, ಮತ್ತೆ ಗದ್ದ, ಮತ್ತೆ ಚಾವಣಿ ಕಂಡವು.

“ಸರ್, ನೀವು ಮನೆಯಲ್ಲಿದ್ದೀರೋ, ಎಲ್ಲಿಗಾದರೂ ಹೊರಟಿದ್ದೀರೋ?” ಎಂದು ಆಕೆ ಇಂಗ್ಲಿಷಿನಲ್ಲೇ ಕೇಳಿದಳು.

ಆಮೇಲೆ ಗ್ರಹಚಾರ ತಿರುಗಿತು. ಪ್ರಯಾಣದ ಪಾಠವನ್ನು ಅವನು ಬಸ್ ನಿಲ್ದಾಣದಲ್ಲಿ ಕಲಿತಿದ್ದ, ತರಕಾರಿಯದನ್ನು ಮಾರುಕಟ್ಟೆಯಲ್ಲಿ, ಕಾಯಿಲೆ ಕಸಾಲೆಯದನ್ನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ. ಹೀಗಾಗಿ ಏಳು, ಎಂಟು, ಒಂಬತ್ತನೆಯ ಉತ್ತರಗಳು ಊರಿನಲ್ಲೇ ಉಳಿದವು. ಆರು ಸರಿ, ಮೂರು ತಪ್ಪು. ತಿರುಗುವ ಕುರ್ಚಿಯ ಭವಿಷ್ಯವೆಲ್ಲ ಹತ್ತನೆಯದರ ಮೇಲೆ ಬಿತ್ತು.

“ಲಾರಿ ಎರಡು ದಿನ ತಡವಾದರೆ ನಿಮಗೆ ಏನೆನ್ನಿಸುತ್ತದೆ?”

ಗುಮಾಸ್ತ ಬಚ್ಚಲುಮನೆಯ ಬಾಗಿಲಿಗೆ ಹೋಗಿ ಡಿಕ್ಕಿ ಹೊಡೆದ. ಒಳಗಿಂದ ಚಿಲಕ ಹಾಕಿತ್ತು. ಫೋನನ್ನು ಬೆನ್ನ ಹಿಂದೆ ಹಿಡಿದ.

“ಅತ್ತೆ, ಬೇಗ ಬಾಗಿಲು ತೆಗೀರಿ.”

“ತಲೆಗೆ ಸೋಪು ಹಚ್ಕೊಂಡಿದೀನಿ ಅಳಿಯಂದಿರೇ. ಏನು ಅಂಥ ಅವಸರ?”

“ನನ್ನ ಭಾವನೆಗಳೆಲ್ಲ ಒಳಗಿವೆ ಅತ್ತೆ.”

“ಇಷ್ಟು ವರ್ಷ ಇಲ್ಲದ್ದು, ನನ್ನ ಸ್ನಾನದ ಹೊತ್ತಿಗೇ ಬರ್ಬೇಕಿತ್ತಾ?”

“ಲಾರಿ ಲೇಟಾದ್ರೆ ಏನನ್ಸುತ್ತೆ ಅಂತ ಇಂಗ್ಲಿಷಲ್ಲಿ ಕೇಳ್ತಿದಾರೆ ಅತ್ತೆ, ಕಾಲಿಗೆ ಬೀಳ್ತೀನಿ.”

ಸುರಿಯುವ ನಲ್ಲಿಯ ಸದ್ದಿನ ನಡುವೆ ಒಳಗೆ ಚೊಂಬು ಕೆಳಗಿಟ್ಟದ್ದು ಕೇಳಿಸಿತು. ದಿನಗಟ್ಟಲೆ ಬಾಗಿಲಲ್ಲಿ ಕಾದ ಕಿವಿ ಅದು. ಒಂದು ಪದವೂ ಹೊರಗೆ ಚೆಲ್ಲಿರಲಿಲ್ಲ. ಹೇಳುವುದಕ್ಕೆ ಕನ್ನಡಿಯೂ ಬೇಕಿರಲಿಲ್ಲ.

“ಆಂಕ್ಷಸ್, ಇರಿಟೇಟೆಡ್, ಹೆಲ್ಪ್‌ಲೆಸ್,” ಎಂದರು ಅತ್ತೆ, ಗಂಟೆ ಬಾರಿಸಿದ ಹಾಗೆ. “ಲಾರಿ ಬಂದ್ಮೇಲೆ ರಿಲೀವ್ಡ್.”

ಗುಮಾಸ್ತ ಫೋನನ್ನು ಮುಂದಕ್ಕೆ ತಂದ. ಪರೀಕ್ಷಕಿ ಪೆನ್ನು ಎತ್ತಿ ಹಿಡಿದಿದ್ದಳು.

“ಒಳ್ಳೆಯ ಉತ್ತರ. ದನಿ ಮಾತ್ರ ನೀರಿನಲ್ಲಿ ಕಲಸಿಹೋಯಿತು. ಇದನ್ನು ಸೇರಿಸಿದರೆ ಏಳಾಗುತ್ತದೆ. ನೀವೇ ಹೇಳಿದ್ದು ತಾನೆ, ಸರ್?”

ಹೆಂಡತಿ ಬಾಣಲೆ ಹಿಡಿದು ಬಂದು ನಿಂತಳು. ಗಂಡ ಏನೆನ್ನುತ್ತಾನೆಂದು ಅವಳಿಗೆ ಗೊತ್ತಿತ್ತು. ಕೇಳಿಸಿಕೊಳ್ಳುವ ತಾಳ್ಮೆಯಷ್ಟೇ ಬೇಕಿತ್ತು.

ಗುಮಾಸ್ತ ಚಿಲಕ ಹಾಕಿದ ಬಾಗಿಲನ್ನೊಮ್ಮೆ ನೋಡಿದ.

“ನೋ ಮೇಡಂ,” ಎಂದ. “ಮದರ್ ಇನ್ ಲಾ.”

ಸೋಫಾದ ಮೇಲೆ ಕಲಿತ ಪದ. ಹೇಗೋ ಇಲ್ಲಿಯವರೆಗೆ ನಡೆದು ಬಂದಿತ್ತು. ಅವನು ಫೋನನ್ನು ಮುಚ್ಚಿದ ಬಾಗಿಲಿನ ಕಡೆಗೆ ತಿರುಗಿಸಿ, ಎರಡೂ ಕೈಯಲ್ಲಿ ಹಿಡಿದು ನಿಂತ.

“ಅಳಿಯಂದಿರೇ,” ಒಳಗಿಂದ ದನಿ ಬಂತು, “ಪಾಸಾಯ್ತಾ?”

“ಆಯ್ತು ಅತ್ತೆ,” ಎಂದ ಗುಮಾಸ್ತ. “ನೀವು ಪಾಸು.”