ಕಂಪ್ಯೂಟರಿನೊಳಗಿನ ಹುಚ್ಚಪ್ಪ

೨೦೦೩ರ ಶ್ರಾವಣ ಅಮಾವಾಸ್ಯೆಯಂದು ಇಳಕಲ್ಲಿನ ನೇಕಾರ ಹುಚ್ಚಪ್ಪನು ಅಂದು ಮಗ್ಗ ನಿಲ್ಲಿಸುವ ಸಂಪ್ರದಾಯ ಮೀರಿ ನೇಯ್ದಿದ್ದಾನೆಂದು ನೇಕಾರರ ಸಂಘವು ಒಮ್ಮತದಿಂದ ಠರಾವು ಮಾಡಿತು. ಅಂದು ಹುಚ್ಚಪ್ಪ ದೂರದ ತುಳಸಿಗೇರಿ ಹನಮಪ್ಪನ ಗುಡಿಯಲ್ಲಿ ಕಾಯಿ ಒಡೆಸುತ್ತಿದ್ದ. ಸಭೆ ಇದನ್ನು ಗಮನಕ್ಕೆ ತೆಗೆದುಕೊಂಡು ಬದಿಗಿಟ್ಟಿತು.

ನಡೆದದ್ದು ಇಷ್ಟು. ಸಂಘದ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಒಂದಿತ್ತು. ನೂಲಿನ ಗೋದಾಮಿಗೊಂದು ಚೌಕ, ಒಬ್ಬೊಬ್ಬ ನೇಕಾರನ ಮಗ್ಗಕ್ಕೊಂದು ಚೌಕ, ನಡುವೆ ಬಾಣ. ನಕ್ಷೆ ಕೂತಲ್ಲೇ ಕೂತಿತ್ತು, ಥೇಟ್ ಸಂಘದ ಹಾಗೆ. ಬಾಗಲಕೋಟೆಯಿಂದ ಇಂಜಿನಿಯರ್ ವಿಜಯಮಹಾಂತೇಶ ಬಂದು ಅದಕ್ಕೆ ನಕ್ಷೆಯನ್ನು ನಡೆಸಿ ತೋರಿಸುವ ಸಿಮ್ಯುಲೇಶನ್ ಪ್ಲಗಿನ್ ಹಾಕಿದ ಮೇಲೆ ಪರದೆಯ ಮೇಲೆ ಎಲ್ಲ ಓಡತೊಡಗಿತು. ಗೋದಾಮಿನ ನೂಲು ಮಗ್ಗ ಸೇರಿತು. ಚೌಕದೊಳಗೆ ಮೈ, ಸೆರಗು ಎಂದು ಒಂದೊಂದೇ ಭಾಗದ ಹೆಸರು ಮೂಡಿ, ಸೀರೆ ಹೊರಬಿತ್ತು. "ಇದು ಖರೆ ಅಲ್ರಿ, ಹಿಂಗಾದರ ಹ್ಯಾಂಗ ಅಂತ ನೋಡೂದಷ್ಟ" ಎಂದು ಹೇಳಿ ಅವನು ಬಸ್ಸು ಹತ್ತಿದ. ಆದರೆ ಸಂಘದ ಇತಿಹಾಸದಲ್ಲಿ ನೂಲು ಹೊತ್ತಿಗೆ ಸರಿಯಾಗಿ ಮುಟ್ಟಿದ್ದು ಅದೇ ಮೊದಲು. ಆದ್ದರಿಂದ ಖರೆ ಎಂದೇ ಪರಿಗಣಿಸಲಾಯಿತು.

ಇತ್ತ ಮನೆಯಲ್ಲಿ ಹುಚ್ಚಪ್ಪನ ಮಗ್ಗ ನೂಲಿಲ್ಲದೆ ಬಣಗುಡುತ್ತಿತ್ತು. ಕೈ ಕಟ್ಟಿ ಕೂತು ಕೂತು ಅವನಿಗೆ ಜೀವ ಬ್ಯಾಸತ್ತುಹೋಗಿತ್ತು. ನೂಲು ಕೇಳಲು ಹೋದರೆ ಕಾರ್ಯದರ್ಶಿ ಸಂಗಯ್ಯನವರು ಪರದೆ ತೋರಿಸಿ, ನಿನಗೆ ನೂಲು ಮುಟ್ಟಿದೆಯಲ್ಲ ಎಂದರು. ಖರೆ, ಪರದೆಯಲ್ಲಿ ಅವನ ಹೆಸರಿನ ಮಗ್ಗ ಬಿಡುವಿಲ್ಲದೆ ನೇಯುತ್ತಿತ್ತು. ಅಮಾವಾಸ್ಯೆಗೆ ಊರಿನ ಮಗ್ಗವೆಲ್ಲ ನಿಂತರೂ ಅದು ನಿಲ್ಲಲಿಲ್ಲ. ಹಿರಿಯರು ಕಣ್ಣಾರೆ ಕಂಡು ಹೌಹಾರಿದರು. ಶಿಕ್ಷೆಯೆಂದು ಹುಚ್ಚಪ್ಪನ ನೂಲು ತಡೆಹಿಡಿಯಲಾಯಿತು.

"ಅಯ್ನಾರ, ಅಂವಾ ನಾ ಅಲ್ರಿ" ಎಂದ ಹುಚ್ಚಪ್ಪ.

ಸಂಗಯ್ಯನವರು ಕನ್ನಡಕ ತೆಗೆದಿಟ್ಟರು. ಹಾಗಿದ್ದರೆ ಪ್ರಕರಣ ಇನ್ನೂ ಗಂಭೀರ. ಒಂದು ಹೆಸರಿಗೆ ಒಂದೇ ಮಗ್ಗ ಎಂಬುದು ನಿಯಮ. ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡತಕ್ಕದ್ದು.

"ಅಂವಾ ದಿನಾ ಸೀರಿ ಕೊಡಾಕತ್ತಾನ. ನೀ ಏನ ಕೊಟ್ಟೀಯೋ ತಮ್ಮಾ? ನೀನ ಹೇಳು."

ಮರುದಿನ ಸಂಘದವರು ಬಂದು ಹುಚ್ಚಪ್ಪನ ಮಗ್ಗ ಬಿಚ್ಚಿ ಒಯ್ದರು. ಹೆಂಡತಿ ಶೇಖವ್ವ ಮಗ್ಗವಿದ್ದ ಖಾಲಿ ಕುಣಿಯ ದಂಡೆಗೆ ಕೂತು ಅತ್ತಳು. ಅಳುವುದಕ್ಕೆ ಸಂಘದ ಅಭ್ಯಂತರವೇನೂ ಇರಲಿಲ್ಲ.

ಮನೆಯಲ್ಲಿರಲಾರದೆ ಹುಚ್ಚಪ್ಪ ದಿನಾ ಸಂಘಕ್ಕೆ ಬಂದು ಪರದೆಯ ಮುಂದೆ ಕೂಡತೊಡಗಿದ. ಮೊದಮೊದಲು ಒಳಗಿನವನಿಗೆ ಬಾಯಿಗೆ ಬಂದಂತೆ ಬೈದ. ಬರಬರುತ್ತ ಬೈಗುಳ ನಿಂತಿತು. ಬೆಂಚಿನ ಕೆಳಗೆ ಅವನ ಕಾಲುಗಳು ಮಗ್ಗ ತುಳಿದಂತೆ ತಾವೇ ಆಡುತ್ತಿದ್ದವು.

ಒಂದು ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸಂಗಯ್ಯನವರು ಕಂಪ್ಯೂಟರ್ ಬಂದ್ ಮಾಡಲು ಕೈ ಚಾಚಿದರು. ಹುಚ್ಚಪ್ಪ ಆ ಕೈ ಹಿಡಿದ.

"ಸೆರಗು ನಡದೈತ್ರಿ ಅಂವಂದು. ಅರ್ಧಕ್ಕ ಎಬ್ಬಿಸಬ್ಯಾಡ್ರಿ."

ಸಂಗಯ್ಯನವರಿಗೂ ಅದು ಸರಿಯೆನಿಸಿತು. ಅವರೂ ಬೆಂಚಿನ ಮೇಲೆ ಕೂತರು. ಸೆರಗು ಮುಗಿಯುವ ತನಕ ಇಬ್ಬರೂ ಪರದೆಯಿಂದ ಕಣ್ಣು ಕೀಳಲಿಲ್ಲ.