ದಡಾರ ಬಂದಿತ್ತೇನವಾ?

ಬಸುರಿಯರನ್ನು ಒಂದು ಪ್ರಶ್ನೆ ಕೇಳುವುದಷ್ಟೇ ನನ್ನ ಕೆಲಸ. ಅದರಿಂದ ಆಗುವ ಫಜೀತಿಗೆ ಕೊನೆಯೇ ಇರಲಿಲ್ಲ, ಪ್ರತಿ ಸಲವೂ ತಲೆ ತಗ್ಗಿಸುವವಳು ನಾನೇ. ಎರಡನೆಯ ಮಹಾಯುದ್ಧ ಮುಗಿದ ಹೊಸತು. ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸು ಆಗಿದ್ದೆ. ಬಸುರಿಗೆ ಜರ್ಮನ್ ದಡಾರ ಬಂದರೆ ಹೊಟ್ಟೆಯ ಕೂಸಿನ ಕಣ್ಣು, ಕಿವಿಗೆ ಅಪಾಯ, ಮೊದಲೇ ಒಮ್ಮೆ ಬಂದುಹೋಗಿದ್ದರೆ ಮತ್ತೆ ಬರುವುದಿಲ್ಲ ಎಂದು ನಮ್ಮ ಲೇಡಿ ಡಾಕ್ಟರು ಎಲ್ಲೋ ಓದಿ ತಿಳಿದುಕೊಂಡಿದ್ದರು. ಅದಕ್ಕೇ ಈ ಪ್ರಶ್ನೆ.

೧

ಮೊದಲ ದಿನವೇ ಒಬ್ಬ ಸೊಸೆಯನ್ನು ಅತ್ತೆಯ ಎದುರಿಗೇ ಕೇಳಿಬಿಟ್ಟೆ. ಹುಡುಗಿ ಹೂಂ ಎಂದು ತಲೆಯಾಡಿಸಿದಳು. ಅತ್ತೆ ಸಿಡಿದೆದ್ದರು.

"ಹೆಣ್ಣು ನೋಡಾಕ ಹೋದಾಗ, ಹುಡುಗಿಗೆ ಒಂದು ಸೀನು ಸೈತ ಬಂದಿಲ್ಲ ಅಂದಿದ್ರಲ್ಲ ನಿಮ್ಮಪ್ಪ!"

ಹುಡುಗಿ ಅಳತೊಡಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೋಗುವಾಗ ಅತ್ತೆ ನನ್ನ ಕೈ ಹಿಡಿದು ಅಂದರು: "ಬಾಯಾರ, ಸಣ್ಣ ಮಗಗ ಹೆಣ್ಣು ನೋಡಾಕ ಹೋಗಾಗ ನೀವೂ ಬರ್ರಿ."

೨

ಮನೆಯ ಮಕ್ಕಳಿಗೆ ದಡಾರ ಎದ್ದಿದ್ದು ಸೊಸೆಗೆ ಎಂದೂ ಬಂದಿರದಿದ್ದರೆ, ಡಾಕ್ಟರು ಅವಳನ್ನು ತವರಿಗೆ ಕಳಿಸಿರೆಂದು ಚೀಟಿ ಕೊಡುತ್ತಿದ್ದರು. ಈ ಸುದ್ದಿಯನ್ನು ನಾನೇ ನೀರು ತರುವಾಗ ಓಣಿಯ ಹೆಂಗಸರ ಮುಂದೆ ಬಾಯಿಬಿಟ್ಟೆ. ಮರುವಾರದಿಂದ ಯಾವ ಸೊಸೆಗೂ ದಡಾರ ಬಂದಿರಲೇ ಇಲ್ಲ!

"ಮನ್ಯಾಗ ಯಾರಿಗೆ ಎದ್ದೈತವಾ?" ಎಂದು ಡಾಕ್ಟರು ಒಬ್ಬಳನ್ನು ಕೇಳಿದರು.

"ಇನ್ನೂ ಯಾರಿಗೂ ಇಲ್ರಿ. ಪಂಚಮಿ ಹಬ್ಬ ಹತ್ರ ಬಂತು, ಲಗೂನ ಚೀಟಿ ಕೊಟ್ಟುಬಿಡ್ರಿ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

೩

ಕಡೆಗೆ ನಾನೇ ಬಸುರಾದೆ. ಆಗಲೇ ನಾದಿನಿಯ ಮಗುವಿಗೆ ದಡಾರ ಎದ್ದಿತು. ಅತ್ತೆ ಗಾಬರಿಯಾಗಿ ನನ್ನನ್ನೂ ನನ್ನ ಗಂಡನನ್ನೂ ಎಳೆದುಕೊಂಡು ಆಸ್ಪತ್ರೆಗೆ ಬಂದರು.

"ನಿನಗ ಮೊದಲು ಬಂದಿತ್ತೇನವಾ?" ಎಂದರು ಡಾಕ್ಟರು.

ನನ್ನ ಪ್ರಶ್ನೆ ನನಗೇ ಬಂದಿತ್ತು. ಹೆಣ್ಣು ನೋಡಲು ಬಂದ ದಿನ, ನಮ್ಮ ಚರ್ಚಿನ ಪಾದ್ರಿಗಳ ಎದುರಿಗೇ ನಮ್ಮಪ್ಪ, "ಮಗಳಿಗೆ ಒಂದು ಜ್ವರ ಸೈತ ಬಂದಿಲ್ರಿ" ಅಂದಿದ್ದರು. ಈಗ ನಿಜ ಹೇಳಿದರೆ ಅಪ್ಪನ ಮಾನ ಹೋಗುತ್ತದೆ. ಹೇಳದಿದ್ದರೆ ಕೂಸಿನ ಚಿಂತೆಯಲ್ಲಿ ಅತ್ತೆಗೆ ಊಟ ಸೇರುವುದಿಲ್ಲ. ಅಳುತ್ತಲೇ ಹೇಳಿಬಿಟ್ಟೆ.

"ಬಂದಿತ್ರಿ, ಸಾಲ್ಯಾಗ ಇದ್ದಾಗ. ಅಪ್ಪ... ಖರೇ ಹೇಳಿರಲಿಲ್ರಿ."

ಅತ್ತೆ ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟರು. "ಕೂಸು ಛಲೋ ಇದ್ರ ಸಾಕವಾ, ಅಳಬ್ಯಾಡ. ನನ್ನ ಮಗ ಒಂದ ಏಟಿಗೆ ಮ್ಯಾಟ್ರಿಕ್ ಪಾಸಾಗ್ಯಾನಂತ ಅದ ಪಾದ್ರಿಗಳ ಮುಂದ ನಾವೂ ಹೇಳಿದ್ವಿ."

ಗಂಡ ಮೆಲ್ಲಗೆ ಬಾಗಿಲ ಕಡೆ ಸರಿದರು. ಅತ್ತೆ ಡಾಕ್ಟರತ್ತ ತಿರುಗಿ ಅಂದರು:

"ಈಕಿಗೆ ದಡಾರ ಒಂದ ಸಲ ಬಂದು ಮುಗೀತ್ರಿ. ಇವಗ ಮ್ಯಾಟ್ರಿಕ್ ಮೂರು ಸಲ ಬಂತು."